ಉಗುಳಿದರೆ ಡೋಸ್ ಹೋಯ್ತು

(ನಮ್ಮ ಊರಿನ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ನಡೆಯುವ ಮಾತುಕತೆಯಲ್ಲಿ ಆಡಿದ್ದು. ಬಂದಿದ್ದವರು ಬರೆದುಕೊಡಿ ಅಂದರು. ಆಡುವಾಗ ಹಿಂದುಮುಂದಾದ ಒಂದೆರಡು ಅಂಕಿಗಳನ್ನು ಬರೆಯುವಾಗ ಸರಿಮಾಡಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಎಚ್‌ಐವಿ ಇರುವ ಚಿಕ್ಕ ಮಕ್ಕಳಿಗೆ ಕುಡಿಸಬಹುದಾದ ಔಷಧಿ ಹೇಗೆ ಬಂತು ಅನ್ನುವುದು ಇವತ್ತಿನ ಮಾತು.

ಮೊದಲು ಈ ಮೇಜಿನ ಮೇಲೆ ಏನೇನಿದೆ ಹೇಳಿಬಿಡುತ್ತೇನೆ. ಇದು ನಮ್ಮ ಮನೆಯ ಒಳಲೆ. ನನ್ನ ಮಗಳು ಇದರಲ್ಲೇ ಕುಡಿದು ಬೆಳೆದವಳು, ಈಗ ಅವಳ ಮಗನಿಗೂ ಇದೇ. ಪಕ್ಕದಲ್ಲಿ ಒಂದು ಸ್ಟೀಲ್ ಚಮಚ, ಒಂದು ಲೋಟ ನೀರು. ಮತ್ತೆ ಒಂದು ಸ್ಟ್ರಿಪ್ ಝಿಂಕ್ ಮಾತ್ರೆ, ಮಕ್ಕಳಿಗೆ ಭೇದಿಯಾದಾಗ ಕೊಡುತ್ತಾರಲ್ಲ, ಅದು. ಎಚ್‌ಐವಿ ಮಾತ್ರೆಯನ್ನೇ ತಂದು ತೋರಿಸಬಹುದಿತ್ತಲ್ವಾ ಅಂತ ಕೇಳಬೇಡಿ. ಅದು ಯಾವುದೋ ಮಗುವಿನ ಪಾಲು. ತೋರಿಸುವುದಕ್ಕೆ ಝಿಂಕ್ ಸಾಕು, ನೀರಿಗೆ ಬಿದ್ದಾಗ ಎರಡೂ ಒಂದೇ ಥರ ನಡೆದುಕೊಳ್ಳುತ್ತವೆ.

ಒಂದು ಪ್ರಶ್ನೆ ಕೇಳುತ್ತೇನೆ. ಒಂದು ವರ್ಷದ ಮಗುವಿಗೆ ಔಷಧಿ ಕುಡಿಸಿದವರು ಕೈ ಎತ್ತಿ. (ಹೆಚ್ಚುಕಡಿಮೆ ಎಲ್ಲ ಕೈಗಳೂ ಮೇಲೆ.) ಮಗು ಒಂದು ಸಲವೂ ನಿಮ್ಮ ಮೇಲೆ ಉಗುಳಿಲ್ಲ ಅನ್ನುವವರು ಮಾತ್ರ ಹಾಗೇ ಇಟ್ಟುಕೊಳ್ಳಿ. (ಒಬ್ಬರು ಇಟ್ಟುಕೊಂಡರು. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಕೈ ಎಳೆದು ಇಳಿಸಿದರು.)

ನಾನು ಡಾಕ್ಟರ್ ಅಲ್ಲ. ಫಾರ್ಮಸಿ ಓದಿ, ಔಷಧಿ ಕಂಪನಿಗಳ ಫಾರ್ಮುಲೇಶನ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವನು. ಯಾರೋ ಕಂಡುಹಿಡಿದ ಪುಡಿಯನ್ನು ಮಾತ್ರೆಯೋ ಸಿರಪ್ಪೋ ಮಾಡುವುದು ನಮ್ಮ ಕೆಲಸ. ಎಚ್‌ಐವಿ ಔಷಧಿ ಮೇಲೆ ನಾನು ನೇರವಾಗಿ ಕೆಲಸ ಮಾಡಿಲ್ಲ. ಆದರೆ ಮಕ್ಕಳ ಮಾತ್ರೆಗಳನ್ನು ಮಾಡಿದ್ದೇನೆ, ಅದರಲ್ಲಿ ಸೋತೂ ಇದ್ದೇನೆ. ಒಮ್ಮೆ ಒಂದು ಆ್ಯಂಟಿಬಯೋಟಿಕ್ ಸಿರಪ್‌ಗೆ ಕಿತ್ತಳೆ ರುಚಿ ಹಾಕಿ, ನಾವೇ ನಾಲಿಗೆಗೆ ಹಚ್ಚಿಕೊಂಡು, ಆಹಾ ಎಷ್ಟು ಚೆನ್ನಾಗಿದೆ ಅಂದುಕೊಂಡೆವು. ಎರಡು ನಿಮಿಷ ಬಿಟ್ಟು ಗಂಟಲಲ್ಲಿ ಕಹಿ ಎದ್ದಿತು. ಮಗು ಮೊದಲನೇ ಚಮಚ ಕುಡಿಯುತ್ತದೆ. ಎರಡನೇ ದಿನ ಬಾಟಲಿ ಕಂಡರೆ ಸಾಕು, ಬಾಯಿ ಬಿಗಿಯುತ್ತದೆ.

ಐದು ದಿನದ ಆ್ಯಂಟಿಬಯೋಟಿಕ್ ಆದರೆ ಹೇಗೋ ಮೂಗು ಹಿಡಿದು ಕುಡಿಸಿ ಮುಗಿಸಬಹುದು. ಎಚ್‌ಐವಿ ಔಷಧಿ ಹಾಗಲ್ಲ. ಇವತ್ತು, ನಾಳೆ, ಬರುವ ದೀಪಾವಳಿಗೆ, ಮಗು ಶಾಲೆಗೆ ಹೋಗುವಾಗ, ಅದರ ಮದುವೆ ದಿನವೂ ತಪ್ಪಿಸುವಂತಿಲ್ಲ. ಅರ್ಧಂಬರ್ಧ ಹೊಟ್ಟೆಗೆ ಹೋದರೆ ವೈರಸ್ ಆ ಔಷಧಿಗೆ ಪಳಗಿಬಿಡುತ್ತದೆ. ಆಮೇಲೆ ಪೂರ್ತಿ ಕೊಟ್ಟರೂ ಅದು ನಾಟುವುದಿಲ್ಲ. ಉಗುಳಿದರೆ ಡೋಸ್ ಹೋಯ್ತು. ಮತ್ತೆ ಮತ್ತೆ ಉಗುಳಿದರೆ ಔಷಧಿಯೇ ಕೈಬಿಟ್ಟು ಹೋಯ್ತು.

ಇಷ್ಟು ಹಟ ಯಾಕೆ ಅಂದರೆ, ಚಿಕಿತ್ಸೆ ಸಿಗದಿದ್ದರೆ, ತಾಯಿಯಿಂದ ಎಚ್‌ಐವಿ ಬಂದ ಕೂಸುಗಳಲ್ಲಿ ಅರ್ಧದಷ್ಟು ಎರಡು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತವೆ. ದೊಡ್ಡವರ ಹಾಗೆ ಎಂಟು ಹತ್ತು ವರ್ಷ ಕಾಯುವ ಕಾಯಿಲೆ ಅಲ್ಲ ಅದು. ದಕ್ಷಿಣ ಆಫ್ರಿಕಾದಲ್ಲಿ ನಡೆದ ಚೆರ್ ಅನ್ನುವ ಅಧ್ಯಯನದ ಫಲಿತಾಂಶ 2008ರಲ್ಲಿ ಬಂತು. ಮಗು ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಏಳೆಂಟು ವಾರಕ್ಕೇ ಔಷಧಿ ಶುರುಮಾಡಿದಾಗ ಸಾವು 100ಕ್ಕೆ 16 ಇದ್ದದ್ದು 4ಕ್ಕೆ ಇಳಿಯಿತು. ಕಾಯುವುದು ಬೇಡ, ತಕ್ಷಣ ಶುರುಮಾಡಿ ಅಂತ ಎಲ್ಲರೂ ಒಪ್ಪಿದರು. ಸರಿ, ಏಳು ವಾರದ ಕೂಸಿನ ಬಾಯಿಗೆ ಹಾಕುವುದು ಏನನ್ನ?

ನಮ್ಮ ಅಜ್ಜಿ ಇದಕ್ಕೆ ಒಂದು ಉತ್ತರ ಇಟ್ಟುಕೊಂಡಿದ್ದಳು. ಬಜೆ ತೇಯುವುದನ್ನು ನೋಡಿದ್ದೀರಲ್ಲ. ಚಿಕ್ಕ ಕೂಸಾದರೆ ಕಲ್ಲಿನ ಮೇಲೆ ಒಂದು ಸುತ್ತು, ವರ್ಷದ ಮಗುವಾದರೆ ಮೂರು ಸುತ್ತು. ಅವಳ ತಕ್ಕಡಿ ಅದೇ. (ಬಜೆ ಕೊಡಿ ಅಂತ ನಾನು ಹೇಳುತ್ತಿಲ್ಲ. ಮಕ್ಕಳ ಡಾಕ್ಟರು ಬೈಯುತ್ತಾರೆ, ಬೈಯಲೂಬೇಕು.) ಮಗು ಚಿಕ್ಕದು, ಔಷಧಿಯೂ ಕಡಿಮೆ. ಲೆಕ್ಕ ಸುಲಭ. ನಮ್ಮ ವಿಜ್ಞಾನಿಗಳೂ ತುಂಬಾ ವರ್ಷ ಅಜ್ಜಿಯ ಲೆಕ್ಕವನ್ನೇ ಹಾಕಿದರು ಅಂದರೆ ನಗಬೇಡಿ.

ಆ ಲೆಕ್ಕ ಎಲ್ಲಿ ತಪ್ಪುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್, ಮೂರು ಎಚ್‌ಐವಿ ಔಷಧಿಗಳನ್ನು ಸೇರಿಸಿ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಕೊಡುತ್ತೇನೆ ಅಂದರು. ಜಗತ್ತೇ ತಿರುಗಿ ನೋಡಿತು. ನಮ್ಮ ಆಗಿನ ಪೇಟೆಂಟ್ ಕಾಯ್ದೆ ಔಷಧಿಗೆ ಪೇಟೆಂಟ್ ಕೊಡದೆ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಕೊಡುತ್ತಿದ್ದದ್ದರಿಂದ ಇದು ಸಾಧ್ಯವಾಯಿತು. ಆ ಮಾತ್ರೆ ಟ್ರಯೋಮ್ಯೂನ್. ಅದರಲ್ಲಿ ಸ್ಟಾವುಡಿನ್ 30, ಲ್ಯಾಮಿವುಡಿನ್ 150, ನೆವಿರಪಿನ್ 200 ಮಿಲಿಗ್ರಾಂ. ಆಫ್ರಿಕಾದ ಎಷ್ಟೋ ಕಡೆ ಮಕ್ಕಳಿಗೂ ಇದನ್ನೇ ಮುರಿದು ಕೊಟ್ಟರು. ಅರ್ಧ, ಕಾಲು. ಬೇರೆ ದಾರಿ ಇದ್ದದ್ದು ಮೂರು ಸಿರಪ್ಪು, ಮೂರು ಅಳತೆ, ಮತ್ತು ಮಾತ್ರೆಗಿಂತ ಜಾಸ್ತಿ ಬೆಲೆ.

ಮುರಿದರೆ ಎರಡು ತೊಂದರೆ. ತುಂಡುಗಳು ಸಮ ಬರುವುದಿಲ್ಲ, ಇದು ಯಾರಿಗಾದರೂ ಗೊತ್ತಾಗುತ್ತದೆ. ಎರಡನೆಯದು ಕಣ್ಣಿಗೆ ಕಾಣದ್ದು. ಚಿಕ್ಕ ಮಕ್ಕಳ ಲಿವರ್ ನೆವಿರಪಿನ್ ಅನ್ನು ದೊಡ್ಡವರಿಗಿಂತ ಬೇಗ ಕರಗಿಸಿ ಹೊರಗೆ ಹಾಕುತ್ತದೆ. ಆದ್ದರಿಂದ ಮಾತ್ರೆಯನ್ನು ಎಷ್ಟೇ ನಾಜೂಕಾಗಿ ಮುರಿದರೂ ಮಗುವಿಗೆ ನೆವಿರಪಿನ್ ಸಾಲದೇ ಹೋಗುತ್ತದೆ. ಮಕ್ಕಳಿಗೆಂದೇ ಸಿಪ್ಲಾ ಮಾಡಿದ ಪೆಡಿಮ್ಯೂನ್ ಬೇಬಿಯ ಅಳತೆ ಕೇಳಿ: 6, 30, 50. ಐದರಿಂದ ಗುಣಿಸಿ ನೋಡಿ. 30, 150, 250 ಆಗುತ್ತದೆ. ಮೊದಲ ಎರಡು ದೊಡ್ಡವರ ಮಾತ್ರೆಯಷ್ಟೇ, ಮೂರನೆಯದು ಮಾತ್ರ 200 ಇದ್ದದ್ದು 250. ಆ ಐವತ್ತರಲ್ಲಿ ಇದೆ ಮಕ್ಕಳ ಔಷಧಿ ಅನ್ನುವುದರ ಗುಟ್ಟು. ಅದು ದೊಡ್ಡವರ ಮಾತ್ರೆಯ ತುಂಡಲ್ಲ, ಬೇರೆಯದೇ ಮಾತ್ರೆ. ಝಾಂಬಿಯಾದ ಲುಸಾಕದಲ್ಲಿ ಚಾಪಾಸ್ ಅನ್ನುವ ಅಧ್ಯಯನದಲ್ಲಿ ಮಕ್ಕಳ ರಕ್ತ ಪರೀಕ್ಷೆ ಮಾಡಿ ಈ ಅಳತೆ ಸರಿ ಇದೆಯೇ ಅಂತ ನೋಡಿದರು.

ಹುಟ್ಟಿದ ಕೂಸಿಗೆ ಬಂದರೆ ಇದು ಉಲ್ಟಾ. ಹುಟ್ಟಿದ ಮಗುವಿಗೆ ಕಾಮಾಲೆ ಬಂದು, ನೀಲಿ ಬೆಳಕಿನ ಕೆಳಗೆ ಮಲಗಿಸುವುದನ್ನು ನೋಡಿದ್ದೀರಿ. ಬಿಲಿರುಬಿನ್ ಅನ್ನು ಹೊರಗೆ ಕಳಿಸುವ ಒಂದು ಕಿಣ್ವ ಆಗಿನ್ನೂ ಎಚ್ಚರಾಗಿರುವುದಿಲ್ಲ. ಈಗ ನಾನು ಹೇಳಲಿರುವ ಡೋಲುಟೆಗ್ರಾವಿರ್ ಅನ್ನುವ ಔಷಧಿಯನ್ನು ಹೊರಗೆ ಹಾಕುವುದೂ ಮುಖ್ಯವಾಗಿ ಅದೇ ಕಿಣ್ವ. ಹಾಗಾಗಿ ಮೊದಲ ವಾರಗಳಲ್ಲಿ ಔಷಧಿ ಒಳಗೇ ಸೇರಿಕೊಳ್ಳುತ್ತದೆ, ಕೆಲವೇ ತಿಂಗಳಲ್ಲಿ ಅದೇ ಮಗುವಿಗೆ ಜಾಸ್ತಿ ಬೇಕಾಗುತ್ತದೆ. ಒಂದೇ ಮಗು, ಒಂದೇ ಔಷಧಿ, ವರ್ಷದೊಳಗೆ ಲೆಕ್ಕ ಎರಡು ಸಲ ಬದಲು.

ಇಷ್ಟೆಲ್ಲ ಗೊತ್ತಿದ್ದೂ ಮಕ್ಕಳ ಔಷಧಿ ಯಾಕೆ ತಡವಾಯಿತು? ಇಲ್ಲಿ ಸ್ವಲ್ಪ ಬೇಸರದ ಕಥೆ ಇದೆ. 1994ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನಲ್ಲಿ ನಡೆದ ಅಧ್ಯಯನವೊಂದು, ಬಸುರಿಗೂ ಹುಟ್ಟಿದ ಕೂಸಿಗೂ ಆಗಿನ ಎಚ್‌ಐವಿ ಔಷಧಿ ಎಝಡ್‌ಟಿ ಕೊಟ್ಟರೆ ಮಗುವಿಗೆ ಎಚ್‌ಐವಿ ದಾಟುವುದು 100ಕ್ಕೆ 25ರಿಂದ 8ಕ್ಕೆ ಇಳಿಯುತ್ತದೆ ಅಂತ ತೋರಿಸಿತು. ತುಂಬಾ ದೊಡ್ಡ ಗೆಲುವು. ಶ್ರೀಮಂತ ದೇಶಗಳಲ್ಲಿ ಎಚ್‌ಐವಿ ಇರುವ ಮಕ್ಕಳು ಹುಟ್ಟುವುದೇ ಅಪರೂಪವಾಯಿತು. ಅದರ ಜೊತೆಗೆ ಮಕ್ಕಳ ಔಷಧಿಗೆ ದುಡ್ಡು ಕೊಡುವ ಗಿರಾಕಿಯೂ ಇಲ್ಲವಾದ. ಕಾಯಿಲೆ ಇರುವ ಮಕ್ಕಳೆಲ್ಲ ಉಳಿದದ್ದು ಆಫ್ರಿಕಾದಲ್ಲಿ, ಸ್ವಲ್ಪ ಭಾಗ ನಮ್ಮಲ್ಲಿ. ಔಷಧಿ ಕಂಪನಿಯಲ್ಲಿ ಕೂತು ಮಾರುಕಟ್ಟೆಯ ಲೆಕ್ಕ ನೋಡಿದವನಾಗಿ ಹೇಳುತ್ತೇನೆ, ಅಂಥ ಪ್ರಾಜೆಕ್ಟನ್ನು ಯಾರೂ ಬೇಡ ಅನ್ನುವುದಿಲ್ಲ. ಸುಮ್ನೆ ಮುಂದಿನ ಮೀಟಿಂಗಿಗೆ ಹಾಕುತ್ತಾರೆ.

ಅದನ್ನು ಮುರಿದದ್ದು ಹೊರಗಿನ ದುಡ್ಡು. 2006ರಲ್ಲಿ ಯೂನಿಟೈಡ್ ಅನ್ನುವ ಸಂಸ್ಥೆ ಹುಟ್ಟಿತು. ಫ್ರಾನ್ಸ್ ಮೊದಲಾದ ದೇಶಗಳು ವಿಮಾನದ ಟಿಕೆಟ್ ಮೇಲೆ ಹಾಕಿದ ಚಿಕ್ಕ ತೆರಿಗೆಯೇ ಅದರ ಬಂಡವಾಳ. ಕ್ಲಿಂಟನ್ ಫೌಂಡೇಶನ್ ಜೊತೆ ಸೇರಿ ಅದು ಮಕ್ಕಳ ಔಷಧಿಯನ್ನು ಸಗಟಾಗಿ ಕೊಳ್ಳಲು ನಿಂತಿತು. ನೀವು ಮಾಡಿ, ನಾವು ಕೊಳ್ಳುತ್ತೇವೆ ಅಂದಮೇಲೆ ಭಾರತದ ಕಂಪನಿಗಳು ಬೆಲೆ ಇಳಿಸಿದವು. ಅದೇ ವರ್ಷ ನವೆಂಬರ್ 30ರಂದು ನಮ್ಮ ದೇಶದಲ್ಲೂ ಮಕ್ಕಳಿಗೆ ಉಚಿತ ಚಿಕಿತ್ಸೆಯ ಯೋಜನೆ ಶುರುವಾಯಿತು. ದೊಡ್ಡವರಿಗೆ 2004ರಿಂದಲೇ ಇತ್ತು.

ಈಗ ಕಹಿಗೆ ಬರೋಣ.

ಲೋಪಿನಾವಿರ್, ರಿಟೊನಾವಿರ್ ಅಂತ ಎರಡು ಔಷಧಿಗಳ ಜೋಡಿ. ಚಿಕ್ಕ ಮಕ್ಕಳಿಗೆ ಆಗ ಇದ್ದವುಗಳಲ್ಲೆಲ್ಲ ಚೆನ್ನಾಗಿ ಕೆಲಸ ಮಾಡುತ್ತಿದ್ದದ್ದು ಅದು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೂರು ವರ್ಷದೊಳಗಿನ ಮಕ್ಕಳಿಗೆ ಇದನ್ನೇ ಮೊದಲು ಕೊಡಿ ಅಂದಿತು. ಆದರೆ ಇದು ನೀರಿನಲ್ಲಿ ಕರಗುವುದಿಲ್ಲ. ಕರಗಿಸಲು ಸಿರಪ್‌ಗೆ ಏನು ಹಾಕಿದ್ದರು ಗೊತ್ತಾ? 100ಕ್ಕೆ 42 ಭಾಗ ಆಲ್ಕೋಹಾಲ್. ನಮ್ಮ ವೈನ್ ಶಾಪಿನಲ್ಲಿ ಸಿಗುವ ವಿಸ್ಕಿ ಬಾಟಲಿ ಮೇಲೆ ಬರೆದಿರುತ್ತದೆ, 42.8 ಅಂತ. (ಹಿಂದಿನ ಸಾಲಿನಲ್ಲಿ ನಗು. ಆಮೇಲೆ ನಿಂತಿತು.) ಅದರ ಮೇಲೆ ಇನ್ನೊಂದು ದ್ರಾವಕ, ಪ್ರೊಪಿಲೀನ್ ಗ್ಲೈಕಾಲ್, ಸುಮಾರು 15 ಭಾಗ. ಮಗುವಿಗೆ ಕೊಡುವುದು ಒಂದು ಎಂಎಲ್, ಎರಡು ಎಂಎಲ್ ನಿಜ. ಆದರೆ ದಿನಕ್ಕೆರಡು ಸಲ, ಪ್ರತಿದಿನ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೆ ಇದರಿಂದ ಅಪಾಯ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2011ರಲ್ಲಿ ಎಚ್ಚರಿಕೆಯನ್ನೇ ಕೊಟ್ಟಿತು.

ರುಚಿಯೋ, ಹಾಗಲಕಾಯಿ ಅದರ ಮುಂದೆ ಪಾಯಸ. ಅಂಗಡಿಗೋ ಆಸ್ಪತ್ರೆಗೋ ಸಾಗಿಸುವವರೆಗೆ ತಣ್ಣಗೆ ಇಡಬೇಕು. ಉಗಾಂಡದ ಹಳ್ಳಿಯಲ್ಲಿ ಎಲ್ಲಿಂದ ಫ್ರಿಜ್ ತರುವುದು? ಫ್ರಿಜ್ ಇರುವ ಮನೆಯಲ್ಲಿ ಬೇರೆ ಕಷ್ಟ. ನಮ್ಮ ಕೂಡು ಕುಟುಂಬಗಳನ್ನೇ ನೆನೆಸಿಕೊಳ್ಳಿ. ಹಾಲಿನ ಪಾತ್ರೆ ಪಕ್ಕ ಆ ಬಾಟಲಿ ಕಂಡರೆ ಅತ್ತೆ ಕೇಳುತ್ತಾರೆ, ನಾದಿನಿ ಕೇಳುತ್ತಾಳೆ: ಇದೇನು ಟಾನಿಕ್ಕು, ಮುಗಿಯುವುದೇ ಇಲ್ಲವಲ್ಲ? ಆ ತಾಯಿ ಏನು ಉತ್ತರ ಹೇಳಬೇಕು?

ಮೊದಲ ಬಿಡುಗಡೆ ಬಂದದ್ದು ಕಾಳುಗಳ ರೂಪದಲ್ಲಿ. ಔಷಧಿಯನ್ನು ಪಾಲಿಮರ್ ಜೊತೆ ಬಿಸಿಮಾಡಿ, ಶಾವಿಗೆ ಒತ್ತಿದ ಹಾಗೆ ಒತ್ತಿ ತೆಗೆದು, ಸಾಬೂದಾನಿಗಿಂತ ಚಿಕ್ಕ ಕಾಳುಗಳಾಗಿ ಮಾಡಿ ಕ್ಯಾಪ್ಸೂಲಿಗೆ ತುಂಬುವುದು. ಸಿಪ್ಲಾದ ಈ ಕಾಳುಗಳಿಗೆ 2015ರಲ್ಲಿ ಅಮೆರಿಕದ ತಾತ್ಕಾಲಿಕ ಒಪ್ಪಿಗೆ ಸಿಕ್ಕಿತು. (ಗುಣಮಟ್ಟ ಸರಿ ಇದೆ, ಪೇಟೆಂಟ್ ಇರುವುದರಿಂದ ಅಲ್ಲಿ ಮಾರುವಂತಿಲ್ಲ ಅಂತ ಅರ್ಥ.) ಆಲ್ಕೋಹಾಲ್ ಇಲ್ಲ, ಫ್ರಿಜ್ ಬೇಡ. ಕ್ಯಾಪ್ಸೂಲ್ ಬಿಚ್ಚಿ ಗಂಜಿ ಮೇಲೆ ಉದುರಿಸಿ ತಿನ್ನಿಸುವುದು. ಜಾಣ ಕೆಲಸ, ಒಪ್ಪುತ್ತೇನೆ. ಆದರೆ ಗಂಜಿಯಲ್ಲಿ ಕಲಸಿ ನೆನೆಸುವಂತಿಲ್ಲ, ಅಗಿಯುವಂತಿಲ್ಲ. ಕಾಳು ಒಡೆದರೆ ಕಹಿ ವಾಪಸ್. ಇನ್ನೂ ಗಂಜಿ ತಿನ್ನಲು ಶುರುಮಾಡದ ಕೂಸಿಗೆ ಕೊಡುವುದೂ ಕಷ್ಟ. ಎರಡು ಮೂರು ವರ್ಷದ ಮಕ್ಕಳಂತೂ ನಾಲಿಗೆಯಲ್ಲಿ ಹುಡುಕಿ ಕಚ್ಚುತ್ತವೆ. ಆಫ್ರಿಕಾದ ಅಧ್ಯಯನದಲ್ಲಿ ಕೆಲವು ತಾಯಂದಿರು ಇದಕ್ಕಿಂತ ಆ ಸಿರಪ್ಪೇ ವಾಸಿ ಅಂದರು.

ಅಲ್ಲಿಗೂ ಬಿಡಲಿಲ್ಲ. ಜಿನೀವಾದ ಡಿಎನ್‌ಡಿಐ ಅನ್ನುವ ಲಾಭವಿಲ್ಲದ ಸಂಸ್ಥೆ ಮತ್ತು ಸಿಪ್ಲಾ ಸೇರಿ ನಾಲ್ಕು ಔಷಧಿಗಳನ್ನು ಒಂದೇ ಪುಡಿಯಲ್ಲಿ, ಸ್ಟ್ರಾಬೆರಿ ರುಚಿಯಲ್ಲಿ ಕೂಡಿಸಲು ವರ್ಷಗಟ್ಟಲೆ ಹೆಣಗಿದರು. 2019ರಲ್ಲಿ ಘೋಷಣೆಯಾಯಿತು, ದಕ್ಷಿಣ ಆಫ್ರಿಕಾದ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. ಅಷ್ಟರಲ್ಲಿ ಬೇರೊಂದು ಔಷಧಿ ಬಂದು ಎಲೆಯನ್ನೇ ಹಾಕಿಸಿಕೊಂಡು ಕೂತುಬಿಟ್ಟಿತ್ತು. ನಮ್ಮ ಕಸುಬಿನವರಿಗೆ ಇದು ಕರುಳು ಚುರ್ ಅನ್ನುವ ವಿಷಯ. ಕಹಿಯನ್ನು ಗೆದ್ದರು. ಗೆಲ್ಲುವ ಹೊತ್ತಿಗೆ ಆ ಕಹಿಯೇ ಬೇಕಾಗಿರಲಿಲ್ಲ.

ಆ ಬೇರೊಂದು ಔಷಧಿಯೇ ಡೋಲುಟೆಗ್ರಾವಿರ್. ಬೇಕಾದದ್ದು ಚೂರೇ ಚೂರು, ಹತ್ತಾರು ಮಿಲಿಗ್ರಾಂ. ಚೂರೇ ಆದ್ದರಿಂದ ಕಹಿಯನ್ನು ಮುಚ್ಚುವುದು ಎಷ್ಟೋ ಸುಲಭ. ದೊಡ್ಡವರಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ. ನೀರಿನಲ್ಲಿ ಕರಗುವ ಮಕ್ಕಳ ಮಾತ್ರೆಗೆ, ನಾಲ್ಕು ವಾರ ತುಂಬಿದ, ಮೂರು ಕೆಜಿ ತೂಗುವ ಕೂಸಿನಿಂದ ಹಿಡಿದು, 2020ರಲ್ಲಿ. ಏಳು ವರ್ಷ. ಇದನ್ನು ಬೇಗ ಅಂತ ಹೊಗಳುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಆ ಏಳು ವರ್ಷದಲ್ಲಿ ಹುಟ್ಟಿದ ಎಷ್ಟೋ ಮಕ್ಕಳು ಕುಡಿದದ್ದು ವಿಸ್ಕಿ ಸಿರಪ್ಪು.

ಆದರೆ 2020ರ ಆಮೇಲೆ ನಡೆದದ್ದು ನಿಜಕ್ಕೂ ಬೇಗ. ಮೂಲ ಕಂಪನಿ ಮಕ್ಕಳ ಔಷಧಿಯ ಲೈಸೆನ್ಸನ್ನು 2014ರಲ್ಲೇ ಬೇರೆಯವರಿಗೆ ಬಿಟ್ಟುಕೊಟ್ಟಿತ್ತು. ಮೈಲಾನ್ ಮತ್ತು ಮುಂಬೈನ ಮ್ಯಾಕ್ಲಿಯಾಡ್ಸ್ ಕಂಪನಿಗಳಿಗೆ ಮುಂಚಿತವಾಗಿಯೇ ದುಡ್ಡಿನ ನೆರವು ಕೊಟ್ಟು ತಯಾರಿಗೆ ಕೂರಿಸಿದ್ದರು. 2020ರ ಡಿಸೆಂಬರ್ 1ಕ್ಕೆ ಬೆಲೆ ಪ್ರಕಟವಾಯಿತು. 10 ಮಿಲಿಗ್ರಾಂನ 90 ಮಾತ್ರೆಯ ಬಾಟಲಿಗೆ ನಾಲ್ಕೂವರೆ ಡಾಲರ್. ಹತ್ತು ಕೆಜಿ ಮಗುವಿಗೆ ದಿನಕ್ಕೆ ಎರಡು ಮಾತ್ರೆ, ಬಾಟಲಿ 45 ದಿನ ಬರುತ್ತದೆ. ವರ್ಷಕ್ಕೆ ಎಂಟು ಬಾಟಲಿ ಚಿಲ್ಲರೆ, ಆಗಿನ ಬೆಲೆಗೆ 36 ಡಾಲರ್ ಆಸುಪಾಸು.

ಅಳತೆ ನಡೆಯುವುದು ವಯಸ್ಸಿನಿಂದ ಅಲ್ಲ, ತೂಕದಿಂದ. ಮೂರರಿಂದ ಆರು ಕೆಜಿವರೆಗೆ ಅರ್ಧ ಮಾತ್ರೆ, ಆರರಿಂದ ಹತ್ತಕ್ಕೆ ಒಂದೂವರೆ, ಹತ್ತರಿಂದ ಹದಿನಾಲ್ಕಕ್ಕೆ ಎರಡು, ಇಪ್ಪತ್ತರೊಳಗೆ ಎರಡೂವರೆ. ಮಧ್ಯೆ ಗೆರೆ ಇರುವುದರಿಂದ ಇಲ್ಲಿ ಅರ್ಧ ಅಂದರೆ ಅರ್ಧವೇ. ಅರವತ್ತು ಕೆಜಿಯ ದೊಡ್ಡವರಿಗೆ 50 ಮಿಲಿಗ್ರಾಂ, ಹತ್ತು ಕೆಜಿ ಮಗುವಿಗೆ 20. ಅಜ್ಜಿಯ ಸುತ್ತಿನ ಲೆಕ್ಕದಲ್ಲಿ ಇದು ಬರುವುದೇ ಇಲ್ಲ ನೋಡಿ. ಇಷ್ಟಕ್ಕೂ ಕರಗುವ ಮಾತ್ರೆಯ ಮಿಲಿಗ್ರಾಮೂ ನುಂಗುವ ಮಾತ್ರೆಯ ಮಿಲಿಗ್ರಾಮೂ ಒಂದೇ ಅಲ್ಲ. ಕರಗುವುದು ರಕ್ತಕ್ಕೆ ಜಾಸ್ತಿ ಸೇರುತ್ತದೆ, ಅದರ 30 ಮಿಲಿಗ್ರಾಂ ನುಂಗುವ ಮಾತ್ರೆಯ 50ಕ್ಕೆ ಸಮ. ಮನೆಯಲ್ಲಿ ಅದಲುಬದಲು ಮಾಡಬಾರದು ಅನ್ನುವುದು ಅದಕ್ಕೇ.

ಕೆಲಸ ಮಾಡುತ್ತದೆಯೇ? ಒಡಿಸ್ಸಿ ಅನ್ನುವ ಅಧ್ಯಯನದಲ್ಲಿ ಉಗಾಂಡ, ಝಿಂಬಾಬ್ವೆ, ದಕ್ಷಿಣ ಆಫ್ರಿಕಾ, ಥಾಯ್ಲೆಂಡ್, ಯುರೋಪಿನ 707 ಮಕ್ಕಳಿದ್ದರು. ಎರಡು ವರ್ಷದ ಹತ್ತಿರ ಹತ್ತಿರ ನೋಡಿದಾಗ ಚಿಕಿತ್ಸೆ ಕೈಕೊಟ್ಟದ್ದು ಹಳೆಯ ಔಷಧಿಯಲ್ಲಿ 100ಕ್ಕೆ 22, ಇದರಲ್ಲಿ 14. ಈಚೆಗೆ ಇದೂ, ಇದರ ಜೊತೆ ಕೊಡಬೇಕಾದ ಇನ್ನೆರಡೂ ಸೇರಿ ಮೂರು ಔಷಧಿಗಳೂ ಒಂದೇ ಕರಗುವ ಮಾತ್ರೆಯಲ್ಲಿ ಬಂದಿವೆ. ಹೈದರಾಬಾದಿನ ಅರಬಿಂದೋ ಕಂಪನಿಯ ಜನರಿಕ್‌ಗೆ 2023ರಲ್ಲಿ ಅಮೆರಿಕದ ತಾತ್ಕಾಲಿಕ ಒಪ್ಪಿಗೆ ಸಿಕ್ಕಿತು.

ಇನ್ನು ಚಮಚ. ಇಗೋ, ಮಾತ್ರೆ ಹಾಕಿದೆ. ನೀರು ಒಂದು ಚಮಚ. ನೋಡುತ್ತಿರಿ. ಅಂಚು ಮೊದಲು ಉಬ್ಬುತ್ತದೆ. ಕಾಮಕಸ್ತೂರಿ ಬೀಜ ನೀರಲ್ಲಿ ಊದಿಕೊಳ್ಳುತ್ತದಲ್ಲ, ಮಾತ್ರೆಯೊಳಗೆ ಅಂಥದೇ ಒಂದು ಪುಡಿ ಇರುತ್ತದೆ. ನೀರು ಸೋಕಿದ ಕೂಡಲೇ ಊದಿ ಮಾತ್ರೆಯನ್ನು ಒಳಗಿನಿಂದ ಒಡೆಯುತ್ತದೆ. ಆಯ್ತು ನೋಡಿ, ಒಂದು ನಿಮಿಷವೂ ಆಗಲಿಲ್ಲ. ಸಿರಪ್ ಬಾಟಲಿ ಇಲ್ಲ, ಫ್ರಿಜ್ ಇಲ್ಲ, ಭಾರ ಇಲ್ಲ. ಇದನ್ನು ಇಲ್ಲೇ ಇಟ್ಟಿರುತ್ತೇನೆ.

ಸ್ಟ್ರಾಬೆರಿ ರುಚಿ ಯಾಕೆ ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಮಲಾವಿಯ ಹಳ್ಳಿ ಮಗುವೂ ನಮ್ಮ ರಾಯಚೂರಿನ ಹಳ್ಳಿ ಮಗುವೂ ಸ್ಟ್ರಾಬೆರಿ ಕಂಡಿರುವುದು ಅನುಮಾನ. ನನ್ನ ಕೇಳಿದ್ದರೆ ಮಾವಿನಹಣ್ಣು ಅನ್ನುತ್ತಿದ್ದೆ. ರುಚಿ ನೋಡುವ ವಿಧಾನವೇ ತಮಾಷೆಯದು. ದೊಡ್ಡವರು ಬಾಯಲ್ಲಿ ಹಾಕಿ ಉಗುಳಿ ಅಂಕ ಕೊಡುತ್ತಾರೆ. ಸ್ವಲ್ಪ ದೊಡ್ಡ ಮಕ್ಕಳಿಗೆ ನಗುವ ಮುಖ, ಅಳುವ ಮುಖದ ಚಿತ್ರ ತೋರಿಸಿ ಯಾವುದು ಅಂತ ಕೇಳುತ್ತಾರೆ. ಕೂಸಾದರೆ ಅದರ ಮುಖವನ್ನೇ ನೋಡಬೇಕು, ಇಲ್ಲವೇ ಅಮ್ಮನನ್ನು ಕೇಳಬೇಕು.

ಆಮೇಲೆ ಒಬ್ಬ ಮೇಡಂ, ಅಂಗನವಾಡಿಯವರು, ಕೇಳಿದರು: ಔಷಧಿ ಇಷ್ಟು ಸಲೀಸಾಗಿದ್ದರೆ ಈಗ ಎಲ್ಲ ಮಕ್ಕಳಿಗೂ ಸಿಗುತ್ತಿದೆಯಾ ಸರ್? ಇಲ್ಲ. ವಿಶ್ವಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಹದಿನೈದು ವರ್ಷದೊಳಗಿನ ಸುಮಾರು 14 ಲಕ್ಷ ಮಕ್ಕಳಿಗೆ ಎಚ್‌ಐವಿ ಇತ್ತು. ಚಿಕಿತ್ಸೆ ಸಿಗುತ್ತಿದ್ದದ್ದು 100ಕ್ಕೆ 57 ಮಕ್ಕಳಿಗೆ, ದೊಡ್ಡವರಲ್ಲಿ 77. ಅದೊಂದೇ ವರ್ಷ 76 ಸಾವಿರ ಮಕ್ಕಳು ಏಡ್ಸ್‌ನಿಂದ ತೀರಿಕೊಂಡರು. ಮಾತ್ರೆ ಬಂದರೂ, ಮಗುವಿಗೆ ಎಚ್‌ಐವಿ ಇದೆ ಅಂತ ಪರೀಕ್ಷೆಯಲ್ಲಿ ಗೊತ್ತಾಗಬೇಕಲ್ಲ. ಹದಿನೆಂಟು ತಿಂಗಳೊಳಗಿನ ಕೂಸಿಗೆ ಮಾಮೂಲಿ ಪರೀಕ್ಷೆ ಸಾಲುವುದಿಲ್ಲ, ತಾಯಿಯಿಂದ ಬಂದ ಪ್ರತಿಕಾಯಗಳು ಅದರ ರಕ್ತದಲ್ಲಿ ಇನ್ನೂ ಇರುತ್ತವೆ. ವೈರಸ್ಸನ್ನೇ ಹುಡುಕುವ ಬೇರೆ ಪರೀಕ್ಷೆ ಬೇಕು. ಅದರ ರಿಪೋರ್ಟ್ ಬರುವುದು ತಡ, ಅಷ್ಟರಲ್ಲಿ ತಾಯಿ ತವರಿಗೋ ಗುಳೆಗೋ ಹೋಗಿರುತ್ತಾಳೆ. ಇದು ನಮ್ಮ ಫಾರ್ಮುಲೇಶನ್‌ನವರ ಕೈಯಲ್ಲಿಲ್ಲ, ಮೇಡಂ ನಿಮ್ಮಂಥವರ ಕೈಯಲ್ಲಿದೆ ಅಂದೆ. ಅವರು ನಗಲಿಲ್ಲ. ನಮಗೆ ರಿಜಿಸ್ಟರ್ ಬರೆಯುವುದಕ್ಕೇ ಹೊತ್ತು ಸಾಲದು ಅಂದರು.

ಮುಗಿಸುವ ಹೊತ್ತಿಗೆ ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು ಮೇಜಿನ ಹತ್ತಿರ ಬಂದರು. ನನ್ನನ್ನು ನೋಡಲಿಲ್ಲ, ಚಮಚ ನೋಡಿದರು. ಅಲುಗಾಡಿಸಿದರು. ತಳದಲ್ಲಿ ಬಿಳಿ ಪುಡಿ ಕೂತಿತ್ತು.

"ಇಷ್ಟು ಉಳಿದುಬಿಟ್ಟರೆ ಮಗುವಿಗೆ ಹೋಗಿದ್ದೆಷ್ಟಪ್ಪಾ? ಇನ್ನೊಂದು ಚೂರು ನೀರು ಬಿಟ್ಟು, ತೊಳೆದು ಅದನ್ನೂ ಕುಡಿಸಬೇಕು."

ಡೋಲುಟೆಗ್ರಾವಿರ್ ಮಾತ್ರೆಯ ಜೊತೆ ಬರುವ ಚೀಟಿಯಲ್ಲಿ ಇದೇ ಬರೆದಿದೆ, ಅಜ್ಜಿ. ಇನ್ನೊಂದು ಸ್ವಲ್ಪ ನೀರು ಹಾಕಿ, ಅಲುಗಾಡಿಸಿ, ಪೂರ್ತಿ ಕುಡಿಸಿ ಅಂತ. ಕರಗಿಸಿದ ಅರ್ಧ ಗಂಟೆಯೊಳಗೆ ಕೊಡಬೇಕು ಅಂತಲೂ ಇದೆ. ಗಡಿಯಾರ ನೋಡಿದೆ. ನಾನು ಮಾತ್ರೆ ಹಾಕಿ ನಲವತ್ತು ನಿಮಿಷವಾಗಿತ್ತು. ಚಮಚ ತೊಳೆಯಲು ಅಜ್ಜಿ ನಲ್ಲಿ ಎಲ್ಲಿದೆ ಅಂತ ಕೇಳಿದರು.